ಹಳ್ಳೂರಿನ ಕಬ್ಬಿಣ

ಕರ್ನಾಟಕದಲ್ಲಿ ಕಬ್ಬಿಣವನ್ನು ಬಳಕೆಗೆ ತಂದವರು ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದ ಹೊಸ ಜನರೆಂಬುದು ಬಹುಕಾಲ ಪ್ರಚಲಿತವಾಗಿದ್ದ ಮತ. 1947ರಲ್ಲಿ ಬ್ರಹ್ಮಗಿರಿಯನ್ನು ಅಗೆಸಿದ ಮಾರ್ಟಿಮರ್ ವ್ಹೀಲರರು ಆ ಸಂಸ್ಕೃತಿಯ ಆರಂಭವನ್ನು ಕ್ರಿ.ಪೂ. 200ರ ಸುಮಾರಿಗೆ ಇರಿಸಿದ್ದರು. ತುಂಗಭದ್ರೆಯ ದಡದ ಹಳ್ಳೂರು ಈ ಮತವನ್ನು ಅಲುಗಿಸಿತು. ಎಂ. ಎಸ್. ನಾಗರಾಜರಾಯರು 1965ರಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಅವಶೇಷಗಳೊಡನೆಯೇ ಕಪ್ಪು-ಕೆಂಪು ಮಡಕೆಯೂ ಕಬ್ಬಿಣದ ಬಾಣದ ಮೊನೆಗಳೂ ದೊರೆತವು. ಇಂಗಾಲ ಪರೀಕ್ಷೆಯಿಂದ ಆ ಸ್ತರದ ಕಾಲ ಕ್ರಿ.ಪೂ. 1000ದ ಆಸುಪಾಸಿಗೆ ನಿಂತಿತು. ಎಂಟು ಶತಮಾನಗಳ ಅಂತರ ಅಲ್ಪವಲ್ಲ!

ಕಲ್ಲುಕೊಡಲಿಯ ಜನರಿಗೆ ತಾಮ್ರದ ಪರಿಚಯವಿದ್ದಿತು, ನಿಜ. ಆದರೆ ತಾಮ್ರವು 1084 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಅಚ್ಚಿಗೆ ಹರಿಯುತ್ತದೆ. ಸಣ್ಣ ಕುಲುಮೆಯಲ್ಲಿ ಕಬ್ಬಿಣ ಹಾಗೆ ಹರಿಯದು. ರಂಧ್ರಮಯವಾದ ಮುದ್ದೆಯನ್ನು ಕಾಸಿ ಬಡಿದು ಕಿಟ್ಟವನ್ನು ಹೊರದೂಡಬೇಕು. ಇದು ನೋಡಿ ಕಲಿಯುವ ವಿದ್ಯೆಯಲ್ಲ, ಕೈಹಿಡಿದು ಕಲಿಸುವ ವಿದ್ಯೆ. ಆದುದರಿಂದ ಊರೇ ವಲಸೆ ಬಂದಿತೆನ್ನುವುದಕ್ಕಿಂತ, ಹಳೆಯ ಊರಿಗೆ ಕೆಲವು ಕುಶಲಿಗಳು ಬಂದು ಸೇರಿದರೆನ್ನುವುದೇ ನಮಗೆ ಯುಕ್ತವಾಗಿ ತೋರುತ್ತದೆ.

ವಾಮದಪದವಿಗೆ ದೂರವಲ್ಲದ ಮೂಡುಬಿದಿರೆಯ ಬಳಿಯ ಮೂಡುಕೊಣಾಜೆಯಲ್ಲಿಯೂ ಶಿಲಾಸಮಾಧಿಗಳಿವೆ. ಸಮಾಧಿಯ ಕಲ್ಲು ಮಾತ್ರ ಕುಲುಮೆಗೆ ಸಾಕ್ಷಿಯಾಗದು. ಘಟ್ಟದ ಕೆಳಗೆ ಈ ವಿದ್ಯೆ ಇಳಿದ ದಾರಿಯನ್ನು ಕಿಟ್ಟದ ರಾಶಿಗಳೂ ವಾಸದ ನೆಲೆಗಳ ಸ್ತರಗಳೂ ಹೇಳಬೇಕು.