ಅಟ್ಟದ ಜಂತೆ ಮತ್ತು ಗೆಲಿಲಿಯೋ

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಪ್ಪ ಒಂದು ಕೆಲಸ ಕೊಟ್ಟರು. ಹಳೇ ಪುಸ್ತಕ ತುಂಬಿದ ನಾಲ್ಕು ಟ್ರಂಕುಗಳನ್ನು ಅಟ್ಟಕ್ಕೆ ಏರಿಸಬೇಕು. ಅಟ್ಟ ಅಂದರೆ ದಪ್ಪ ತೊಲೆಗಳ ಹಳೇ ಅಟ್ಟವಲ್ಲ. ಆಮೇಲೆ ಕಟ್ಟಿಸಿದ ಕೋಣೆಗೆ ಧೂಳು ಬೀಳದಿರಲಿ ಅಂತ ಹಾಕಿಸಿದ ಮುಚ್ಚಿಗೆ. ಅದರ ಕೆಳಗೇ ಅಜ್ಜಿಯ ಮಂಚ. ಟಾರ್ಚ್ ಹಿಡಿದು ಹತ್ತಿ ನೋಡಿದರೆ, ಆರು ಇಂಚು ಅಗಲ, ಎರಡು ಇಂಚು ದಪ್ಪದ ಜಂತೆಗಳನ್ನು ಯಾರೋ ಪುಣ್ಯಾತ್ಮರು ಹಲಗೆಯ ಹಾಗೆ ಮಲಗಿಸಿಬಿಟ್ಟಿದ್ದಾರೆ! ನಡುವೆ ಆಗಲೇ ಜೋತುಬಿದ್ದಿವೆ.

ಪರಿಚಯದ ಹಿರಿಯ ಬಡಗಿಯೊಬ್ಬರನ್ನು ಕರೆಸಿದೆವು. ಒಮ್ಮೆ ಕತ್ತೆತ್ತಿ ನೋಡಿ, "ಮರ ಮಲಗಿದ್ರೆ ಭಾರ ಹೊರೋದು ಯಾರು? ಎಬ್ಬಿಸಿ ನಿಲ್ಲಿಸ್ಬೇಕು" ಅಂದರು.

ಬಡಗಿಗಳ ಕೈಗೆ ಗೊತ್ತಿದ್ದ ಈ ಮಾತನ್ನು ಲೆಕ್ಕಕ್ಕೆ ತಂದದ್ದು ಗೆಲಿಲಿಯೋ. 1633ರ ವಿಚಾರಣೆಯ ನಂತರ ಫ್ಲಾರೆನ್ಸ್ ಪಕ್ಕದ ಆರ್ಚೆತ್ರಿಯ ಮನೆಯಲ್ಲಿ ಅವನನ್ನು ಬಂಧನದಲ್ಲಿಟ್ಟಿದ್ದರು. ಆಕಾಶದ ಗೊಡವೆ ಬಿಟ್ಟು ಅವನು ಮರದ ತೊಲೆ, ಕಲ್ಲಿನ ಕಂಬಗಳ ಬಗ್ಗೆ ಯೋಚಿಸಿದ. ಆ ಪುಸ್ತಕ 1638ರಲ್ಲಿ ದೂರದ ಲೈಡನ್ನಿನಲ್ಲಿ ಅಚ್ಚಾಗುವ ಹೊತ್ತಿಗೆ ಪಾಪ, ಕಣ್ಣು ಹೋಗಿತ್ತು. ಅದರಲ್ಲೊಂದು ಪ್ರಶ್ನೆ: ಅಗಲವಾದ ಪಟ್ಟಿ ಮಲಗಿಸಿದಾಗ ಸುಲಭವಾಗಿ ಮುರಿಯುತ್ತದೆ, ಅಂಚಿನ ಮೇಲೆ ನಿಲ್ಲಿಸಿದರೆ ಏಕೆ ಮುರಿಯುವುದಿಲ್ಲ? ಉತ್ತರ: ಮರದ ಬಲ ಅಗಲಕ್ಕೆ ತಕ್ಕಷ್ಟು ಮಾತ್ರ ಹೆಚ್ಚುತ್ತದೆ, ಎತ್ತರಕ್ಕಾದರೆ ಅದರ ವರ್ಗದಷ್ಟು. ನಮ್ಮ ಜಂತೆ ಮಲಗಿದ್ದಾಗ 6×2×2, ಅಂದರೆ 24. ನಿಂತರೆ 2×6×6, ಅಂದರೆ 72. ಅದೇ ಮರ, ಮೂರು ಪಟ್ಟು ಬಲ!

ತಮಾಷೆಯೆಂದರೆ ಅನುಪಾತ ಸರಿ ಹೇಳಿದ ಗೆಲಿಲಿಯೋ ಒಟ್ಟು ಬಲವನ್ನು ಮಾತ್ರ ಮೂರು ಪಟ್ಟು ಹೆಚ್ಚು ಲೆಕ್ಕ ಹಾಕಿದ್ದ. ಇಡೀ ಮರ ಎಳೆತಕ್ಕೆ ಸಿಗುತ್ತದೆ ಅಂತ ಅವನ ಎಣಿಕೆ. ನಿಜದಲ್ಲಿ ಭಾರ ಹೊತ್ತ ಜಂತೆಯ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ, ನಟ್ಟನಡುವಿನ ಮರಕ್ಕೆ ಹೆಚ್ಚೇನೂ ಕೆಲಸವಿಲ್ಲ. ಫ್ರಾನ್ಸಿನ ಆಂತ್ವಾನ್ ಪರಾಂ ಇದನ್ನು 1713ರಲ್ಲೇ ಸರಿಯಾಗಿ ಬರೆದರೂ ಯಾರೂ ಗಮನಿಸಲಿಲ್ಲ. 1773ರಲ್ಲಿ ಕುಲಂಬ್ ಮತ್ತೆ ಹೇಳಬೇಕಾಯಿತು. ದುಂಡು ದಿಮ್ಮಿಯಿಂದ ಅತಿ ಬಲವಾದ ತೊಲೆ ಕೊಯ್ಯುವ ಲೆಕ್ಕವನ್ನೂ ಪರಾಂ ಕೊಟ್ಟಿದ್ದ. ಅಗಲ ಐದಾದರೆ ಎತ್ತರ ಸುಮಾರು ಏಳು ಇರಬೇಕು.

ಆದರೆ ಅಟ್ಟದ ಸಾಮಾನಿಗೆ ಇನ್ನೊಂದು ಗುಣವಿದೆ. ಮನುಷ್ಯ ನಡೆದು ಹೋಗಿಬಿಡುತ್ತಾನೆ, ಟ್ರಂಕು ಹೋಗುವುದಿಲ್ಲ! ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. 1740ರ ಸುಮಾರಿಗೆ ಬುಫೋನ್ ದೊಡ್ಡ ದೊಡ್ಡ ಓಕ್ ತೊಲೆಗಳನ್ನೇ ಮುರಿದು ಪರೀಕ್ಷಿಸಿದ. ತಕ್ಷಣ ಮುರಿಯದ ಭಾರವೂ ಬಹಳ ಕಾಲ ಕೂತರೆ ಮುರಿಯಬಲ್ಲದು ಅಂತ ಕಂಡುಕೊಂಡು, ಮುರಿಯುವ ಭಾರದ ಅರ್ಧಕ್ಕಿಂತ ಹೆಚ್ಚು ಹೇರಬೇಡಿ ಅಂದ.

ಇನ್ನು ಜೋಲುವ ಮಾತು. ಬಡಗಿ ಕೆಲಸ ಕಲಿತೇ ಎಂಜಿನಿಯರ್ ಆದ ಇಂಗ್ಲೆಂಡಿನ ಥಾಮಸ್ ಟ್ರೆಡ್‌ಗೋಲ್ಡ್ 1820ರ ತನ್ನ ಮರಗೆಲಸದ ಪುಸ್ತಕದಲ್ಲಿ, ತೊಲೆ ಮುರಿಯದಿದ್ದರೆ ಸಾಲದು, ಬಾಗಲೂಬಾರದು ಎಂದು ಒತ್ತಿ ಹೇಳಿದ. ಉದ್ದದ ಒಂದು ಅಡಿಗೆ ಇಂಚಿನ ನಲವತ್ತನೇ ಒಂದು ಭಾಗ, ಅಷ್ಟೇ ಬಾಗಬಹುದು. ಬಾಗದಿರುವ ಶಕ್ತಿ ಎತ್ತರದ ಘನಕ್ಕೆ ತಕ್ಕಂತೆ ಹೆಚ್ಚುವುದರಿಂದ, ಎದ್ದು ನಿಂತ ನಮ್ಮ ಜಂತೆ ಮಲಗಿದ್ದಕ್ಕಿಂತ ಒಂಬತ್ತು ಪಟ್ಟು ಗಟ್ಟಿ. ಉದ್ದದ ವಿಷಯ ಮಾತ್ರ ಉಲ್ಟಾ. ಅಡಿಗೆ ಅಷ್ಟೇ ಭಾರ ಹೇರಿ ಗೋಡೆಯಿಂದ ಗೋಡೆಗಿನ ದೂರ ಎರಡು ಪಟ್ಟಾದರೆ, ಬಾಗು ಹದಿನಾರು ಪಟ್ಟು! ಅದಕ್ಕೇ ಜಂತೆ ಆರಿಸುವಾಗ ಮೊದಲು ಅಳೆಯಬೇಕಾದದ್ದು ಕೋಣೆಯನ್ನು.

ನಮ್ಮ ಬಡಗಿ ಸೀಳು ಬಿಟ್ಟಿದ್ದ ಎರಡು ಜಂತೆಗಳನ್ನು ಬದಲಿಸಿ, ಉಳಿದವನ್ನು ಎಬ್ಬಿಸಿ ನಿಲ್ಲಿಸಿದರು. ಪಕ್ಕಕ್ಕೆ ವಾಲದಂತೆ ಮಧ್ಯೆ ಮಧ್ಯೆ ಮರದ ತುಂಡು ಬಡಿದರು. ಟ್ರಂಕುಗಳನ್ನು ನಡುವೆ ಇಡದೆ ಗೋಡೆಯ ಪಕ್ಕಕ್ಕೆ ತಳ್ಳಿಸಿದರು. ಎಷ್ಟು ಭಾರ ತಡೆಯುತ್ತೆ ಅಂತ ಕೇಳಿದೆ. "ನಾಲ್ಕು ಟ್ರಂಕು ಸಾಕು, ಐದನೇದು ತರಬೇಡಿ" ಅಂದರು. ಬುಫೋನ್ ಹೇಳಿದ್ದೂ ಹೆಚ್ಚುಕಡಿಮೆ ಅದೇ ಅಲ್ವಾ? :)

ಅಜ್ಜಿ ಮಾತ್ರ ಅವತ್ತು ರಾತ್ರಿ ಮಂಚವನ್ನು ಎರಡಡಿ ಈಚೆಗೆ ಎಳೆಸಿಕೊಂಡೇ ಮಲಗಿದರು.