ಸೀಮೆಯ ಓದು, ಊರಿನ ಕೆಲಸ

ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಹಿಂದಿನಿಂದಲೂ ದವಸಧಾನ್ಯದ ವ್ಯಾಪಾರಕ್ಕೆ ಹೆಸರಾದ ಊರು. ಗಂಗರ ಕಾಲದಲ್ಲಿ ಮಾನ್ಯಪುರವೆನಿಸಿದ್ದ ಮಣ್ಣೆ ಇದಕ್ಕೆ ಸಮೀಪದಲ್ಲೇ ಇದೆ. ಇಂಥ ಪೇಟೆ ಊರಿನ ಮನೆಯೊಂದರಿಂದ ಹುಡುಗನೋ ಹುಡುಗಿಯೋ ಹೊರದೇಶಕ್ಕೆ ಓದಲು ಹೊರಟರೆ, ಮನೆಯವರ ಮೊದಲ ಪ್ರಶ್ನೆ ವ್ಯಾಪಾರಿಗಳ ಪ್ರಶ್ನೆಯೇ ಆಗಿರುತ್ತದೆ: ಹಾಕಿದ ಬಂಡವಾಳ ಹುಟ್ಟುತ್ತದೆಯೆ? ಓದಿ ಬಂದು ಮಾಡುವುದೇನು? ಕೇಳುವುದಕ್ಕೆ ಒರಟಾಗಿ ಕಂಡರೂ ಇದು ಸರಿಯಾದ ಪ್ರಶ್ನೆ. ನೂರು ವರ್ಷಗಳ ಹಿಂದೆ ಮೈಸೂರು ಸಂಸ್ಥಾನವೂ ತನಗೆ ತಾನೇ ಇದನ್ನು ಕೇಳಿಕೊಂಡಿತ್ತು.

ಹಳೆಯ ಮೈಸೂರಿನ ಮಾತಿನಲ್ಲಿ ಹೊರದೇಶವೆಂದರೆ ‘ಸೀಮೆ’. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಎಲ್ಲವೂ ಅಲ್ಲಿಂದ ಬಂದವು. ಸೀಮೆಯ ವಸ್ತುವನ್ನು ಮನೆಯೊಳಗೆ ಬಿಟ್ಟುಕೊಂಡ ಜನ ಸೀಮೆಗೆ ಹೋಗಿ ಬಂದ ಮನುಷ್ಯನನ್ನು ಬಿಟ್ಟುಕೊಳ್ಳಲು ಮಾತ್ರ ಬಹಳ ಕಾಲ ಅನುಮಾನಿಸಿದರು. ಸಮುದ್ರ ದಾಟಿದವನಿಗೆ ಪ್ರಾಯಶ್ಚಿತ್ತ, ಪಂಕ್ತಿಭೇದ, ಕೆಲವೊಮ್ಮೆ ಬಹಿಷ್ಕಾರ. ಎಷ್ಟೋ ಮಂದಿಯನ್ನು ಓದಿಗೆ ಹಚ್ಚಿದ ನಾಲ್ವಡಿ ಕೃಷ್ಣರಾಜ ಒಡೆಯರು ತಾವೇ ಯೂರೋಪಿಗೆ ಹೋದದ್ದು 1936ರಲ್ಲಿ, ಪಟ್ಟಕ್ಕೆ ಬಂದು ನಾಲ್ಕು ದಶಕ ಕಳೆದ ಮೇಲೆ.

ಸಂಸ್ಥಾನ ಕಣ್ಣಿಟ್ಟಿದ್ದ ಮಾದರಿ ಇಂಗ್ಲೆಂಡಿನದಕ್ಕಿಂತ ಹೆಚ್ಚಾಗಿ ಜಪಾನಿನದು. 1898ರಲ್ಲಿ ಜಪಾನಿಗೆ ಹೋಗಿ ಬಂದಿದ್ದ ವಿಶ್ವೇಶ್ವರಯ್ಯನವರು ಆ ದೇಶ ತನ್ನ ಹುಡುಗರನ್ನು ಹೊರಗೆ ಕಳಿಸಿ, ಕಲಿತು ಬಂದವರ ಕೈಗೆ ಕಾರ್ಖಾನೆಗಳನ್ನು ಕೊಟ್ಟಿದ್ದನ್ನು ಬಲ್ಲವರಾಗಿದ್ದರು. ಕಳಿಸುವುದು ಅರ್ಧ ಕೆಲಸ. ಬಂದವನ ಕೈಗೆ ಏನು ಕೊಡುತ್ತೇವೆ ಎಂಬುದು ಉಳಿದರ್ಧ. 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಅವರು ಎರಡನೆಯ ಅರ್ಧವನ್ನು ಮರೆಯಲಿಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ಗಂಧದ ಸಾಬೂನು. ಮೈಸೂರಿನ ಗಂಧದ ಮರ ಮೊದಲು ಹಡಗು ಹತ್ತಿ ಯೂರೋಪಿಗೆ, ವಿಶೇಷವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಕಡಿದ ಮರ ಇಲ್ಲೇ ರಾಶಿಬಿತ್ತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಇಳಿಸುವ ಕ್ರಮ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಎಣ್ಣೆಯ ಕಾರ್ಖಾನೆಗಳು ಬಂದವು. ಎಣ್ಣೆಯೇನೋ ಸಿಕ್ಕಿತು, ಅದನ್ನು ಸಾಬೂನಿಗೆ ಸೇರಿಸುವ ಕೈ ಬೇಕಾಗಿತ್ತು. ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ರಸಾಯನಶಾಸ್ತ್ರಜ್ಞರನ್ನು ಸರ್ಕಾರ ಇಂಗ್ಲೆಂಡಿಗೆ ಕಳಿಸಿತು. 1918ರ ಹೊತ್ತಿಗೆ ಮೈಸೂರು ಸ್ಯಾಂಡಲ್ ಸೋಪು ತಯಾರಾಗಿತ್ತು. ಅವರಿಗೆ ‘ಸೋಪ್ ಶಾಸ್ತ್ರಿ’ ಎಂಬ ಹೆಸರೇ ನಿಂತಿತು. ವೈದಿಕ ಮನೆತನದ ಹೆಸರಿನ ಹಿಂದೆ ಸಾಬೂನು ಬಂದು ಕೂತದ್ದನ್ನು ನೋಡಿ ನಕ್ಕವರೂ ಇದ್ದಿರಬೇಕು. ಆದರೆ ಶಾಸ್ತ್ರಿಗಳು ಹಡಗು ಹತ್ತುವಾಗಲೇ ತಾವು ಹಿಂದಿರುಗಿ ಮಾಡಬೇಕಾದ ಕೆಲಸ ಯಾವುದೆಂದು ಅವರಿಗೂ ಗೊತ್ತಿತ್ತು, ಕಳಿಸಿದವರಿಗೂ ಗೊತ್ತಿತ್ತು.

ಕೆಲಸ ಕಾದಿರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಕಥೆ ನೋಡಬಹುದು. 1872ರಿಂದ ಆ ದೇಶದ ಸರ್ಕಾರ ನೂರಿಪ್ಪತ್ತು ಬಾಲಕರನ್ನು ಅಮೆರಿಕಕ್ಕೆ ಓದಲು ಕಳಿಸಿ, ಹುಡುಗರು ಕೆಡುತ್ತಿದ್ದಾರೆಂದು ಹೆದರಿ 1881ರಲ್ಲಿ ವಾಪಸು ಕರೆಸಿಕೊಂಡಿತು. ಆ ವೇಳೆಗೆ ಯೇಲ್ ವಿಶ್ವವಿದ್ಯಾನಿಲಯದ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದಿದ್ದ ಝಾನ್ ತ್ಯಾನ್ಯೌ ಎಂಬಾತನನ್ನು ನೌಕಾಪಡೆಯ ಶಾಲೆಗೆ ಹಾಕಿದರು. ರೈಲುದಾರಿ ಹಾಕಬಲ್ಲವನು ರೈಲುದಾರಿಯ ಕೆಲಸಕ್ಕೆ ಸೇರಿದ್ದು ಏಳು ವರ್ಷಗಳ ನಂತರ. 1909ರಲ್ಲಿ ಬೀಜಿಂಗಿನಿಂದ ಬೆಟ್ಟಗಳನ್ನು ದಾಟಿಸಿ ಉತ್ತರಕ್ಕೆ ರೈಲು ಒಯ್ದವನು ಇವನೇ.

ಕೆಲಸ ಕಾದಿದ್ದರೂ ಸಾಲದು ಎಂಬುದಕ್ಕೆ ನಮ್ಮ ದೇಶದ್ದೇ ಪ್ರಸಂಗವಿದೆ. ಬರೋಡೆಯ ಗಾಯಕವಾಡರು 1913ರಲ್ಲಿ ಅಂಬೇಡ್ಕರರನ್ನು ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳಿಸಿದಾಗ, ಹಿಂದಿರುಗಿ ಹತ್ತು ವರ್ಷ ಬರೋಡೆಯ ಸೇವೆಯಲ್ಲಿರಬೇಕೆಂದು ಮುಚ್ಚಳಿಕೆ ಬರೆಸಿಕೊಂಡಿದ್ದರು. 1917ರಲ್ಲಿ ಅವರು ಬಂದರು. ಹುದ್ದೆ ಇತ್ತು, ಇಳಿದುಕೊಳ್ಳಲು ಮನೆ ಇರಲಿಲ್ಲ. ಹೆಸರು ಮರೆಸಿಕೊಂಡು ಪಾರ್ಸಿ ವಸತಿಗೃಹವೊಂದರಲ್ಲಿ ತಂಗಿದ್ದವರನ್ನು ಕೆಲವೇ ದಿನಗಳಲ್ಲಿ ಜನ ಕೋಲು ಹಿಡಿದು ಬಂದು ಹೊರಹಾಕಿದರು. ಹತ್ತು ವರ್ಷದ ಮುಚ್ಚಳಿಕೆ ಹದಿನೈದು ದಿನವೂ ನಡೆಯಲಿಲ್ಲವೆಂದೇ ಹೇಳಬೇಕು. ಸೀಮೆಯ ವಿಶ್ವವಿದ್ಯಾನಿಲಯ ಕೊಟ್ಟ ಪದವಿಗೆ ಊರಿನಲ್ಲಿ ಯಾರು ಬೆಲೆ ಕಟ್ಟುತ್ತಾರೆ ಎಂಬುದನ್ನು ಇದಕ್ಕಿಂತ ಕಟುವಾಗಿ ತೋರಿಸುವ ಘಟನೆ ಇನ್ನೊಂದಿಲ್ಲ.

ಬರೋಡೆಯಿಂದಲೇ ಮೈಸೂರಿಗೆ ಬಂದ ಇನ್ನೊಬ್ಬರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಜರ್ಮನಿಯವರಾದರೂ ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದವರು. ಲಾಲ್‌ಬಾಗಿನಲ್ಲಿ ಅವರಿಗಿಂತ ಮೊದಲಿದ್ದ ಜಾನ್ ಕ್ಯಾಮರನ್ ಕೂಡ ಕ್ಯೂನವರೇ. ಬೆಂಗಳೂರಿಗೆ ಸೀಮೆಬದನೆ ತಂದವರು ಅವರು. 1908ರಲ್ಲಿ ಲಾಲ್‌ಬಾಗಿಗೆ ಬಂದ ಕ್ರುಂಬಿಗಲ್ 1932ರಲ್ಲಿ ನಿವೃತ್ತರಾದಾಗ ಆ ಜಾಗಕ್ಕೆ ಬಂದವರು ಎಚ್.ಸಿ. ಜವರಾಯ. ಇವರೂ ಕ್ಯೂನಲ್ಲಿ ತರಬೇತಿ ಪಡೆದಿದ್ದವರು, ಆದರೆ ಕನ್ನಡದವರು. ಅಲ್ಲಿಯವರೆಗೆ ಕ್ಯೂನಿಂದ ಲಾಲ್‌ಬಾಗಿಗೆ ಆಳು ಬರುತ್ತಿದ್ದರು. ಈಗ ಲಾಲ್‌ಬಾಗಿನವರು ಕ್ಯೂಗೆ ಹೋಗಿ ಬರುವಂತಾಯಿತು. ತ್ಯಾಮಗೊಂಡ್ಲಿನವರಿಗೆ ದೂರವಲ್ಲದ ಹೆಸರಘಟ್ಟದಲ್ಲಿ 1938ರಲ್ಲಿ ಹಣ್ಣಿನ ಬೆಳೆಗಳ ಸಂಶೋಧನಾ ಕೇಂದ್ರ ತೆರೆದದ್ದು ಜವರಾಯರ ಕಾಲದಲ್ಲಿ.

ಈ ಸಾಲಿನಲ್ಲಿ ಮುಂದಿನವರು ಎಂ.ಎಚ್. ಮರಿಗೌಡ. 1916ರಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಸೀಮೆಯ ಮಾರಗೌಡನಹಳ್ಳಿ ಕಡೆಯ ರೈತ ಮನೆತನದಲ್ಲಿ ಹುಟ್ಟಿದವರು. ಸಸ್ಯಶಾಸ್ತ್ರ ಓದಿ 1942ರಲ್ಲಿ ಲಾಲ್‌ಬಾಗಿಗೆ ಸೇರಿದರು. 1947ರಲ್ಲಿ ಸರ್ಕಾರ ಅವರನ್ನು ಕ್ಯೂಗೆ ಕಳಿಸಿತು. ಅಲ್ಲಿಂದ ಅಮೆರಿಕಕ್ಕೆ ಹೋಗಿ 1951ರಲ್ಲಿ ಹಾರ್ವರ್ಡಿನ ಡಾಕ್ಟರೇಟ್ ಪಡೆದು ವಾಪಸಾದರು. ಹಾರ್ವರ್ಡಿನ ಸಸ್ಯಶಾಸ್ತ್ರಜ್ಞನಿಗೆ ಆ ಕಾಲದಲ್ಲಿ ಹೊರಗೆ ಎಲ್ಲಿ ಬೇಕಾದರೂ ಜಾಗವಿತ್ತು. ಇವರು ಬಂದದ್ದು ಹಳೆಯ ತೋಟದ ಹಳೆಯ ಕಚೇರಿಗೆ.

ಅವರು ಮಾಡಿದ ಕೆಲಸದಲ್ಲಿ ಡಾಕ್ಟರೇಟಿನ ಪ್ರಬಂಧಕ್ಕಿಂತ ರೈತನ ಮನೆಯ ತಿಳಿವಳಿಕೆಯೇ ಹೆಚ್ಚಾಗಿ ಕಾಣುತ್ತದೆ. ರಾಗಿ ಬಿತ್ತಿದರೆ ನಾಲ್ಕೈದು ತಿಂಗಳಿಗೆ ಕಣ ತುಂಬುತ್ತದೆ. ಮಾವು ನೆಟ್ಟರೆ ಫಲಕ್ಕೆ ವರ್ಷಗಟ್ಟಲೆ ಕಾಯಬೇಕು. ಓಟೆ ಹಾಕಿ ಬೆಳೆಸಿದ ಗಿಡ ತಾಯಿಯಂತೆಯೇ ಹಣ್ಣು ಬಿಡುತ್ತದೆಂಬ ಭರವಸೆಯೂ ಇಲ್ಲ. ಅದಕ್ಕೆ ಕಸಿ ಗಿಡವೇ ಬೇಕು. ಕಾದು ಕಾದು ಕೊನೆಗೆ ಹುಳಿ ಕಾಯಿ ಕಂಡ ರೈತ ಮತ್ತೊಮ್ಮೆ ಗಿಡ ನೆಡುವುದಿಲ್ಲ. ಆದ್ದರಿಂದ ನಂಬಿಕೆಯ ಕಸಿ ಗಿಡ ತಾಲ್ಲೂಕಿನಲ್ಲೇ ಸಿಗಬೇಕು, ಕೇಳಿದ್ದಕ್ಕೆ ಉತ್ತರ ಹೇಳುವವರು ಹತ್ತಿರದಲ್ಲಿರಬೇಕು, ಬೆಳೆದದ್ದನ್ನು ಕೊಳ್ಳುವವರೂ ಇರಬೇಕು. ಆಹಾರಧಾನ್ಯದ ಚಿಂತೆಯಲ್ಲಿ ಮುಳುಗಿದ್ದ ಕೃಷಿ ಇಲಾಖೆಯೊಳಗೆ ಇದು ಆಗುವ ಮಾತಾಗಿರಲಿಲ್ಲ. 1963ರಲ್ಲಿ ತೋಟಗಾರಿಕೆ ಬೇರೆ ಇಲಾಖೆಯಾಯಿತು. ಮರಿಗೌಡರು ಅದರ ನಿರ್ದೇಶಕರಾಗಿ 1974ರವರೆಗೆ ಇದ್ದರು. ಊರೂರಿನ ಪಾಳು ಜಮೀನುಗಳಲ್ಲಿ ಸರ್ಕಾರಿ ತೋಟಗಳೂ ನರ್ಸರಿಗಳೂ ಎದ್ದವು. ಮಳೆ ನಂಬಿದ ಖುಷ್ಕಿ ಜಮೀನಿನಲ್ಲೂ ಹಣ್ಣಿನ ಮರ ನಿಲ್ಲಿಸಬಹುದೆಂದು ಅವರು ಪಟ್ಟುಹಿಡಿದರು.

ಮಾರಾಟದ ಮಾತು ಅದಕ್ಕೂ ಮೊದಲೇ ಶುರುವಾಗಿತ್ತು. ಬೆಂಗಳೂರು ಸುತ್ತಿನ ದ್ರಾಕ್ಷಿ ಬೆಳೆಗಾರರು ದಲ್ಲಾಳಿಗಳ ಕೈಗೆ ಸಿಕ್ಕಿ ನಷ್ಟಪಡುತ್ತಿದ್ದಾಗ 1959ರಲ್ಲಿ ಅವರಿಗಾಗಿ ಸಹಕಾರ ಸಂಘವೊಂದು ಹುಟ್ಟಿತು. ಅದರ ಹಿಂದಿದ್ದವರು ಮರಿಗೌಡರು. ಆ ಸಂಘವೇ ಬೆಳೆದು ಹಾಪ್‌ಕಾಮ್ಸ್ ಆಯಿತು. ಇಲಾಖೆ, ತೋಟಗಾರಿಕೆ ಸಂಘ, ನರ್ಸರಿಯವರ ಸಹಕಾರ ಸಂಘ, ಮಾರಾಟದ ಸಹಕಾರ ಸಂಘ ಈ ನಾಲ್ಕೂ ಒಂದಕ್ಕೊಂದು ಆಸರೆಯಾಗಬೇಕೆಂಬುದು ಅವರ ಲೆಕ್ಕಾಚಾರ. ಕ್ಯೂನಲ್ಲಿ ಗಿಡಗಳ ವಿಷಯ ಕಲಿಯಬಹುದಿತ್ತು, ದಲ್ಲಾಳಿಯ ವಿಷಯ ಅಲ್ಲಿ ಕಲಿಸುತ್ತಿರಲಿಲ್ಲ. ಲಾಲ್‌ಬಾಗಿನ ಮಗ್ಗುಲಿನ ರಸ್ತೆಗೆ ಈಗ ಅವರ ಹೆಸರಿದೆ. ಹುಟ್ಟಿದ ದಿನವಾದ ಆಗಸ್ಟ್ 8 ತೋಟಗಾರಿಕೆ ದಿನವಾಗಿದೆ.

ಮರಿಗೌಡರು ಹೊರಟ ಅದೇ 1947ರಲ್ಲಿ ಬೆಂಗಳೂರಿನಿಂದ ಇನ್ನೊಬ್ಬರು ಅಮೆರಿಕದ ಹಡಗು ಹತ್ತಿದರು. ಆಕೆ ರಾಜೇಶ್ವರಿ, ಮದುವೆಯ ನಂತರ ರಾಜೇಶ್ವರಿ ಚಟರ್ಜಿ. ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿಯವರಿಗೆ 1946ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಓದು ಮುಗಿಸಿ ದೇಶಕ್ಕೆ ಮರಳಿ ದುಡಿಯಬೇಕೆಂಬುದು ಷರತ್ತು. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಪದವಿ, ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳ ತರಬೇತಿ, ಮತ್ತೆ ಮಿಷಿಗನ್ನಿನಲ್ಲಿ ಏಷ್ಯದ ಹೆಣ್ಣುಮಕ್ಕಳಿಗೆಂದೇ ಇದ್ದ ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ ಡಾಕ್ಟರೇಟ್. 1953ರಲ್ಲಿ ಹಿಂದಿರುಗಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಧ್ಯಾಪಕಿಯಾದರು.

ಇಲ್ಲಿ ಹುದ್ದೆ ಕಾದಿತ್ತು, ಕೆಲಸ ಇನ್ನೂ ಹುಟ್ಟಿರಲಿಲ್ಲ. ರೇಡಾರು, ಆಂಟೆನಾಗಳಿಗೆ ಬೇಕಾದ ಮೈಕ್ರೋವೇವ್ ವಿಜ್ಞಾನ ಆಗ ದೇಶದಲ್ಲಿ ಕಣ್ಣುಬಿಡುತ್ತಿತ್ತಷ್ಟೆ. ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಸೇರಿ ಆಕೆ ಪ್ರಯೋಗಶಾಲೆಯನ್ನೇ ಕಟ್ಟಬೇಕಾಯಿತು. 1982ರಲ್ಲಿ ನಿವೃತ್ತರಾಗುವವರೆಗೆ ಅವರ ಕೈಕೆಳಗೆ ಕಲಿತವರು ಮುಂದೆ ದೇಶದ ರಕ್ಷಣಾ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಹೋದರು. ಹೊರದೇಶದ ಓದು ಒಬ್ಬರ ಬಾಳಿಗೆ ಏನು ಮಾಡಿತು ಎಂದು ಕೇಳುವಾಗ ಅವರಿಂದ ಕಲಿತವರ ಲೆಕ್ಕವನ್ನೂ ಹಿಡಿಯಬೇಕಾಗುತ್ತದೆ.

ಓದಿ ಬಂದ ಮೇಲೆ ಹುದ್ದೆಯೇ ಬದಲಾಗದ ಒಬ್ಬರಿದ್ದಾರೆ. ಗೌರಿಬಿದನೂರು ಕಡೆಯ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ, ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದವರು. ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಪರಮಾಣು ಭೌತಶಾಸ್ತ್ರದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದು, ಅದೇ ಖಾದಿ ಅಂಗಿ, ಅದೇ ಟೋಪಿಯಲ್ಲಿ ಅದೇ ಕಾಲೇಜಿಗೆ, ಅದೇ ಹಾಸ್ಟೆಲಿಗೆ ಮರಳಿದರು. ಪರಮಾಣು ಪ್ರಯೋಗ ಮಾಡುವ ಸೌಕರ್ಯ ಅಲ್ಲಿರಲಿಲ್ಲ. ಅವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿ, ವಾರಕ್ಕೊಮ್ಮೆ ಯಾರು ಬೇಕಾದರೂ ಬಂದು ಕೇಳಬಹುದಾದ ಉಪನ್ಯಾಸಗಳನ್ನು ಏರ್ಪಡಿಸಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರೂ ಹಾಸ್ಟೆಲಿನ ಕೋಣೆಯ ನಂಟು ಬಿಡಲಿಲ್ಲ.

ಹಿಂದಿರುಗದವರ ಮಾತೂ ಇದೆ. ಮೈಸೂರಿನ ಎ.ಕೆ. ರಾಮಾನುಜನ್ ಕೊಲ್ಲಂ, ಧಾರವಾಡ, ಬರೋಡ ಎಂದು ಊರೂರಿನಲ್ಲಿ ಇಂಗ್ಲಿಷ್ ಪಾಠ ಹೇಳಿ, 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕಕ್ಕೆ ಹೋದರು. ಇಂಡಿಯಾನದಲ್ಲಿ ಭಾಷಾಶಾಸ್ತ್ರದ ಡಾಕ್ಟರೇಟ್ ಮಾಡುತ್ತಿರುವಾಗಲೇ ಶಿಕಾಗೊ ವಿಶ್ವವಿದ್ಯಾನಿಲಯ ಕರೆಯಿತು. ಕನ್ನಡ, ತಮಿಳು, ಜಾನಪದ, ಭಾಷಾಶಾಸ್ತ್ರ ನಾಲ್ಕನ್ನೂ ಒಬ್ಬನೇ ಬಲ್ಲೆನೆಂದರೆ ಕುರ್ಚಿ ಹಾಕಿ ಕೂರಿಸುವ ವಿಭಾಗ ಆಗ ಶಿಕಾಗೊದಲ್ಲಿತ್ತು. ಇಲ್ಲಿ ಇಂಗ್ಲಿಷ್ ಮೇಷ್ಟ್ರು ಇಂಗ್ಲಿಷ್ ಮೇಷ್ಟ್ರೇ. ಅಲ್ಲಿ ಕೂತು 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ ‘ಸ್ಪೀಕಿಂಗ್ ಆಫ್ ಶಿವ’ ತಂದರು. ಬಸವಣ್ಣ, ಅಕ್ಕಮಹಾದೇವಿಯರ ಹೆಸರು ಹೊರಜಗತ್ತಿನ ಓದುಗರಿಗೆ ಮುಟ್ಟಿದ್ದು ಬಹುಮಟ್ಟಿಗೆ ಆ ಪುಟ್ಟ ಪುಸ್ತಕದಿಂದ. 1993ರಲ್ಲಿ ಶಿಕಾಗೊದಲ್ಲೇ ತೀರಿಕೊಂಡರು. ಇದನ್ನು ನಷ್ಟವೆಂದು ಬರೆಯುವುದು ಸುಲಭ, ಸರಿಯಲ್ಲ.

ಇವರೆಲ್ಲರ ಕಾಲದಲ್ಲಿ ಕಳಿಸುವ ಹಣ ಹೆಚ್ಚಾಗಿ ಸರ್ಕಾರದ್ದೋ ಯಾವುದಾದರೂ ನಿಧಿಯದ್ದೋ ಆಗಿತ್ತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆಂದು 1950ರ ದಶಕದಲ್ಲಿ ಶುರುವಾದ ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನ ಇಂದಿಗೂ ಇದೆ, ಸಿಗುವುದು ಕೆಲವರಿಗೆ. ಉಳಿದವರನ್ನು ಕಳಿಸುವುದು ಮನೆ. ಬ್ಯಾಂಕುಗಳ ಸಂಘ 2001ರಲ್ಲಿ ಶಿಕ್ಷಣ ಸಾಲದ ಮಾದರಿ ಯೋಜನೆ ರೂಪಿಸಿದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಈ ದಾರಿ ತೆರೆಯಿತು. ಸಾಲ ದೊಡ್ಡದಾದರೆ ಬ್ಯಾಂಕು ಆಸ್ತಿಯ ಆಧಾರ ಕೇಳುತ್ತದೆ. ಅಪ್ಪನ ಮನೆಯ ಪತ್ರವೋ ನಿವೇಶನದ ಪತ್ರವೋ ಬ್ಯಾಂಕಿನ ಬೀರು ಸೇರುತ್ತದೆ.

ಇಲ್ಲಿ ಒಂದು ತಿರುವು ಇದೆ, ಅದನ್ನು ಗಮನಿಸಿದವರು ಕಡಿಮೆ. ಮುಚ್ಚಳಿಕೆ ವಿದ್ಯಾರ್ಥಿಯನ್ನು ಊರ ಕಡೆಗೆ ಎಳೆಯುತ್ತಿತ್ತು. ಸಾಲದ ಕಂತು ಅವನನ್ನು ಅಲ್ಲಿಯೇ ಹಿಡಿದಿಡುತ್ತದೆ. ಡಾಲರಿನಲ್ಲೋ ಪೌಂಡಿನಲ್ಲೋ ಕಟ್ಟಿದ ಶುಲ್ಕದ ಸಾಲವನ್ನು ರೂಪಾಯಿ ಸಂಬಳದಲ್ಲಿ ತೀರಿಸುವುದು ಕಷ್ಟ. ಆದ್ದರಿಂದ ಓದು ಮುಗಿದ ಮೇಲೆ ಕೆಲಸ ಮಾಡಲು ಎಷ್ಟು ದಿನ ಬಿಡುತ್ತಾರೆ ಎಂಬ ವೀಸಾದ ನಿಯಮವೇ ಪಾಠಪಟ್ಟಿಗಿಂತ ಮುಖ್ಯವಾಗುತ್ತದೆ. ಯಾವ ವಿಷಯ ಓದಬೇಕೆಂಬುದನ್ನೂ ಅದೇ ನಿರ್ಧರಿಸುತ್ತದೆ. ಗಿಡ, ಭಾಷೆ, ಶಾಸನ ಓದಲು ಸಾಲ ಮಾಡಿ ಹೋಗುವವರು ವಿರಳ. ಮರಿಗೌಡರು ಹಾರ್ವರ್ಡಿನಿಂದ ಬರುವಾಗ ತೀರಿಸಬೇಕಾದ ಬ್ಯಾಂಕಿನ ಕಂತು ಇದ್ದಿದ್ದರೆ ಲಾಲ್‌ಬಾಗಿನ ಸರ್ಕಾರಿ ಸಂಬಳ ಅದಕ್ಕೆ ಸಾಲುತ್ತಿತ್ತೇ ಎಂದು ಕೇಳಿಕೊಳ್ಳಬಹುದು.

ಜವರಾಯರ ಕಾಲದ ಹಣ್ಣಿನ ಕೇಂದ್ರವಿದ್ದ ಹೆಸರಘಟ್ಟದಲ್ಲಿ 1960ರ ದಶಕದ ಕೊನೆಗೆ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಂದಿತು. ಅಲ್ಲಿ ರೂಪುಗೊಂಡ ಪಪಾಯಿ, ಟೊಮೇಟೊ, ಮೆಣಸಿನಕಾಯಿ ತಳಿಗಳ ಬೀಜಕ್ಕಾಗಿ ಸುತ್ತಲಿನ ರೈತರು ಹೋಗಿ ಬರುತ್ತಾರೆ. ಆ ಬೀಜದ ಪೊಟ್ಟಣದ ಹಿಂದೆ ಕ್ಯೂನ ತೋಟದಲ್ಲಿ ಮಣ್ಣು ಅಗೆದ ಕನ್ನಡದ ಇಬ್ಬರಿದ್ದಾರೆಂಬುದು ಕೊಳ್ಳುವವರಿಗೆ ಗೊತ್ತಿಲ್ಲದಿದ್ದರೂ ಬೀಜ ಮೊಳೆಯುತ್ತದೆ.