ಬ್ರೌಸರ್‌ನ ಪರದೆ ಯಾರಿಂದ ಮರೆಮಾಡುತ್ತೆ?

ಗುಟ್ಟಾಗಿ ಏನಾದರೂ ಹುಡುಕಬೇಕಾದಾಗ ನೀವು ‘ಇನ್‌ಕಾಗ್ನಿಟೊ’ ತೆರೆದಿರಬಹುದು. ಬ್ರೇವ್, ಡಕ್‌ಡಕ್‌ಗೋ ಥರದ ಬ್ರೌಸರ್ ಹಾಕಿಕೊಂಡರೆ ನಿಮ್ಮ ಮಾಹಿತಿ ಸೇಫ್ ಅಂತ ಯಾರೋ ಹೇಳಿರಲೂಬಹುದು. ಇದು ಎಷ್ಟು ನಿಜ? ತಿಳಿಯಬೇಕಾದರೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಆಗ ವೆಬ್‌ಸೈಟ್‌ಗಳಿಗೆ ನೆನಪೇ ಇರಲಿಲ್ಲ. ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ನೀವು ಹೊಸಬರೇ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಎಂಬ ಎಂಜಿನಿಯರ್ ‘ಕುಕಿ’ಯನ್ನು ರೂಪಿಸಿದರು. ಆನ್‌ಲೈನ್ ಅಂಗಡಿಯಲ್ಲಿ ಆರಿಸಿಟ್ಟ ಸಾಮಾನು ಮರೆತುಹೋಗದಂತೆ ನಿಮ್ಮ ಕಂಪ್ಯೂಟರಿನಲ್ಲೇ ಒಂದು ಗುರುತಿನ ಚೀಟಿ ಇಡುವ ಉಪಾಯ ಅದು. ಉದ್ದೇಶ ಒಳ್ಳೆಯದೇ. ಆದರೆ ಜಾಹೀರಾತು ಕಂಪನಿಗಳು ಅದರಲ್ಲಿ ಬೇರೆಯದೇ ಲಾಭ ಕಂಡವು. ನೂರು ಸೈಟ್‌ಗಳಲ್ಲಿ ಒಂದೇ ಕಂಪನಿಯ ಜಾಹೀರಾತು ಇದ್ದರೆ, ಆ ನೂರೂ ಕಡೆ ನೀವು ಏನು ನೋಡಿದಿರಿ ಅಂತ ಅದಕ್ಕೆ ಗೊತ್ತಾಗುತ್ತೆ. ಇಂಥ ವ್ಯವಹಾರದ ದೊಡ್ಡ ಕಂಪನಿ ಡಬಲ್‌ಕ್ಲಿಕ್ ಅನ್ನು 2008ರಲ್ಲಿ ಗೂಗಲ್ 310 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಗೂಗಲ್‌ನ ಕ್ರೋಮ್ ಬಂತು, ಜೊತೆಗೆ ಇನ್‌ಕಾಗ್ನಿಟೊ ಕೂಡ.

ಇನ್‌ಕಾಗ್ನಿಟೊ ಮರೆಮಾಡೋದು ಅದೇ ಫೋನ್ ಮುಟ್ಟುವ ಅಣ್ಣ ತಮ್ಮಂದಿರಿಂದ ಮಾತ್ರ. ನೀವು ಹೋದ ಸೈಟ್‌ಗೆ, ಇಂಟರ್ನೆಟ್ ಕೊಡುವ ಕಂಪನಿಗೆ, ಆಫೀಸಿನ ನೆಟ್‌ವರ್ಕ್‌ಗೆ ಅಲ್ಲಿ ಪರದೆಯೇ ಇಲ್ಲ. ಈ ವಿಷಯವಾಗಿ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ದಾವೆ ಬಿತ್ತು. ಸಂಗ್ರಹವಾಗಿದ್ದ ನೂರಾರು ಕೋಟಿ ದಾಖಲೆಗಳನ್ನು ಅಳಿಸಲು 2024ರ ರಾಜಿಯಲ್ಲಿ ಕಂಪನಿ ಒಪ್ಪಿಕೊಂಡಿತು.

ಹಾಗಾದರೆ ಬೇರೆ ಬ್ರೌಸರ್‌ಗಳು? ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಮಾಮೂಲಿ ಟ್ರ್ಯಾಕರ್‌ಗಳನ್ನು ಫೈರ್‌ಫಾಕ್ಸ್ 2019ರಿಂದ ತಾನಾಗಿಯೇ ತಡೆಯುತ್ತಿದೆ. ಸಫಾರಿ 2020ರಲ್ಲಿ ಹೊರಗಿನ ಕಂಪನಿಗಳ ಕುಕಿಗಳನ್ನು ಪೂರ್ತಿ ನಿಲ್ಲಿಸಿತು. ಇವು ನಿಜವಾದ ರಕ್ಷಣೆಗಳೇ. ಆದರೆ ಕುಕಿ ಇಲ್ಲದೆಯೂ ಗುರುತು ಹಿಡಿಯಬಹುದು. ಸ್ಕ್ರೀನಿನ ಅಳತೆ, ಅದರಲ್ಲಿರುವ ಅಕ್ಷರ ವಿನ್ಯಾಸಗಳು, ಸಮಯ ವಲಯ ಎಲ್ಲ ಸೇರಿಸಿದರೆ ಅದೇ ಬೆರಳಚ್ಚು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಸುಮಾರು 4.7 ಲಕ್ಷ ಬ್ರೌಸರ್‌ಗಳನ್ನು ಪರೀಕ್ಷಿಸಿದಾಗ ಶೇ. 83.6ರಷ್ಟು ಬ್ರೌಸರ್‌ಗಳ ಗುರುತು ಬೇರೆ ಯಾವುದಕ್ಕೂ ಹೋಲಲಿಲ್ಲ.

ಇನ್ನು ನಂಬಿಕೆಯ ಪ್ರಶ್ನೆ. 2020ರಲ್ಲಿ ಬ್ರೇವ್‌ನಲ್ಲಿ ಬೈನಾನ್ಸ್‌ನ ವಿಳಾಸ ಟೈಪ್ ಮಾಡಿದರೆ ಬ್ರೇವ್‌ಗೆ ಕಮಿಷನ್ ತರುವ ಲಿಂಕ್ ತಾನಾಗಿ ಸೇರಿಕೊಳ್ಳುತ್ತಿತ್ತು. ಬಯಲಾದ ಮೇಲೆ ಅದರ ಮುಖ್ಯಸ್ಥ ಬ್ರೆಂಡನ್ ಐಕ್ ತಪ್ಪಾಯಿತೆಂದರು. 2022ರಲ್ಲಿ ಡಕ್‌ಡಕ್‌ಗೋ ಬ್ರೌಸರ್, ಒಪ್ಪಂದದ ಕಾರಣಕ್ಕೆ, ಬೇರೆ ಸೈಟ್‌ಗಳಲ್ಲಿನ ಮೈಕ್ರೋಸಾಫ್ಟ್‌ನ ಕೆಲವು ಟ್ರ್ಯಾಕರ್‌ಗಳನ್ನು ಬಿಟ್ಟುಬಿಡುತ್ತಿತ್ತೆಂದು ಹೊರಬಿತ್ತು. ಕೆಲವೇ ತಿಂಗಳಲ್ಲಿ ಅವನ್ನೂ ತಡೆಯಲು ಶುರುಮಾಡಿತು. ಎರಡನ್ನೂ ಪತ್ತೆ ಹಚ್ಚಿದ್ದು ಹೊರಗಿನವರು ಎಂಬುದನ್ನು ಗಮನಿಸಿ.

ನಮ್ಮ ಸಮುದಾಯಕ್ಕೆ ಇದು ದೂರದ ಮಾತಲ್ಲ. ಬ್ರೌಸರ್ ಎಷ್ಟೇ ಭದ್ರವಿದ್ದರೂ ಅದು ಕಾಯೋದು ತನ್ನ ಬಾಗಿಲನ್ನು ಮಾತ್ರ. ಫೋನಿನಲ್ಲಿ ಆ್ಯಪ್‌ಗಳದ್ದು ಬೇರೆಯೇ ಬಾಗಿಲು. ನಮಾಝಿನ ವೇಳೆ, ಕಿಬ್ಲಾ ದಿಕ್ಕು ತೋರಿಸುವ ‘ಮುಸ್ಲಿಂ ಪ್ರೊ’ 9.8 ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗಿದ್ದ ಆ್ಯಪ್. ಅದರ ಬಳಕೆದಾರರ ಸ್ಥಳದ ಮಾಹಿತಿ ಎಕ್ಸ್-ಮೋಡ್ ಎಂಬ ಕಂಪನಿಗೆ, ಅಲ್ಲಿಂದ ಗುತ್ತಿಗೆದಾರರ ಮೂಲಕ ಅಮೆರಿಕದ ಸೇನೆಗೆ ಹೋಗುವ ದಾರಿಯನ್ನು 2020ರ ನವೆಂಬರಿನಲ್ಲಿ ‘ಮದರ್‌ಬೋರ್ಡ್’ ವರದಿ ಮಾಡಿತು. ಸೇನೆಗೆ ಮಾರಿದ್ದೇವೆಂಬುದು ಸುಳ್ಳು ಎಂದ ಮುಸ್ಲಿಂ ಪ್ರೊ, ಎಕ್ಸ್-ಮೋಡ್ ಜೊತೆಗಿನ ನಂಟು ಕಡಿದುಕೊಂಡಿತು. ಕಿಬ್ಲಾ ಹುಡುಕಲು ಒತ್ತಿದ ‘ಅಲೋ’ ಬಟನ್ ಎಲ್ಲಿಗೆ ಮುಟ್ಟಿತು ನೋಡಿ.

ಇನ್ನೊಬ್ಬರ ಗುಟ್ಟು ಕೆದಕುವ ‘ತಜಸ್ಸುಸ್’ ಅನ್ನು ಕುರ್‌ಆನ್ ಸೂರಃ ಹುಜುರಾತ್‌ನಲ್ಲಿ ನಿಷೇಧಿಸಿದೆ. ಅನುಮತಿ ಇಲ್ಲದೆ ಬೇರೆಯವರ ಮನೆಗೆ ನುಗ್ಗಬಾರದೆಂಬುದು ಸೂರಃ ನೂರ್‌ನ ಪಾಠ. ನಮ್ಮ ದೇಶದಲ್ಲೂ ಈ ಹಕ್ಕಿಗಾಗಿ ಕಟ್ಲೆ ಹತ್ತಿದವರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ಸಂರಕ್ಷಣೆಯ ಕಾಯ್ದೆಯೂ ಬಂತು. ಆದರೆ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರ ಅದರಲ್ಲಿ ಇಟ್ಟುಕೊಂಡಿದೆ.

ಆದ್ದರಿಂದ, ಒಳ್ಳೆಯ ಬ್ರೌಸರ್ ಖಂಡಿತ ಬಳಸಿ. ಜಾಹೀರಾತಿನವರ ಬೆನ್ನುಹತ್ತುವಿಕೆ ಬಹಳಷ್ಟು ಕಡಿಮೆಯಾಗುತ್ತೆ. ಆದರೆ ‘ಖಾಸಗಿ’ ಅನ್ನೋ ಪದ ಕಂಡಾಗಲೆಲ್ಲ ‘ಯಾರಿಂದ?’ ಅಂತ ಕೇಳಿ. ಅದರಲ್ಲೂ ನಿಮ್ಮ ಹೆಸರಲ್ಲೇ ಲಾಗಿನ್ ಆಗಿದ್ದರೆ ಯಾವ ಬ್ರೌಸರ್ ತಾನೇ ಮರೆಮಾಡೀತು? ಇವತ್ತೇ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಯಾವ ಆ್ಯಪ್‌ಗೆ ನಿಮ್ಮ ಸ್ಥಳದ ಅನುಮತಿ ಇದೆ ಅಂತ ನೋಡಿ. ಬೇಡದ್ದನ್ನು ತೆಗೆದುಹಾಕಿ. ಮನೆಯ ಹಿರಿಯರ ಫೋನನ್ನೂ ಮರೆಯಬೇಡಿ.